ಬಡ್ಡಿ ಇಳಿದ ದಿನ

ಯಜಮಾನರಿಗಿಂತ ಮೊದಲು ಪೇಪರು ಬಿಡಿಸಿದ್ದೇ ತಪ್ಪಾಯಿತು. ಲಾಂಡ್ರಿಯ ಇಸ್ತ್ರಿಯವನು ಮೊದಲ ಪುಟದ ಸುದ್ದಿ ಓದುತ್ತ ಓದುತ್ತ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಬಿಳಿ ಅಂಗಿಯ ಮೇಲೆ ಮರೆತುಬಿಟ್ಟ. ದೇಶದ ಬ್ಯಾಂಕುಗಳಿಗೆಲ್ಲ ದೊಡ್ಡಣ್ಣನಂತಿದ್ದ ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿತ್ತು.

ಲಾಂಡ್ರಿಯಲ್ಲಿ ಇಸ್ತ್ರಿಯವನಿಗೆ, ಆ ಬ್ಯಾಂಕಿನ ಮುಖ್ಯಸ್ಥನಿಗಿದ್ದಂತೆ, ಗವರ್ನರ್ ಎಂದೇ ಹೆಸರು. ಹಣಕಾಸಿನ ಸುದ್ದಿಯನ್ನು ಕಂಡಕಂಡವರಿಗೆ ಬಿಡಿಸಿ ಹೇಳುವ ಚಟ. ಸ್ವಂತ ಸಂಸಾರ ಮಾತ್ರ ಒಂದೇ ಕೋಣೆಯಲ್ಲಿ ಕಾಲು ಮಡಚಿ ಮಲಗುತ್ತಿತ್ತು. ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಖಾಲಿಯಾಗಿತ್ತು. ಸಂಜೆಯೊಳಗೆ ಬಾಡಿಗೆಗೆ ಒಪ್ಪಿಗೆ ತಿಳಿಸಬೇಕು. "ಸಂಬಳ ಜಾಸ್ತಿ ಮಾಡಿಸ್ಕೊಳ್ದೆ ಮನೆಗೆ ಬರಬೇಡಿ" ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು.

"ಬಡ್ಡಿ ಇಳಿದ್ರೆ ನಮಗೇನಪ್ಪಾ ಬಂತು?" ಬಟ್ಟೆ ಒಗೆಯುವ ಅಕ್ಕ ಕೇಳಿದಳು.

"ಸಾಲ ಅಗ್ಗ ಆಗುತ್ತೆ ಅಕ್ಕ. ಯಜಮಾನ್ರು ಸಾಲ ತಗೋತಾರೆ, ಅಂಗಡಿ ಬೆಳೆಯುತ್ತೆ, ನಮ್ಮ ಸಂಬಳಾನೂ ಬೆಳೆಯುತ್ತೆ."

"ಬ್ಯಾಂಕಲ್ಲಿ ನಾನಿಟ್ಟಿರೋ ನಾಲ್ಕು ಕಾಸಿನ ಬಡ್ಡಿ?"

"ಅದೂ ಇಳಿಯುತ್ತೆ. ದೇಶಕ್ಕೋಸ್ಕರ ಅಷ್ಟು ಸಹಿಸ್ಕೋಬೇಕು."

ಅಕ್ಕ ಒದ್ದೆ ಹೊದಿಕೆಯನ್ನು ಅವನ ಕುತ್ತಿಗೆಯೆಂದೇ ತಿಳಿದು ಹಿಂಡಿದಳು.

ಯಜಮಾನರು ಬಂದವರೇ ಸುಟ್ಟ ಅಂಗಿ ಎತ್ತಿ ನೋಡಿದರು. ಗವರ್ನರ್ ಆಗಲೇ ಸಂಬಳದ ಮಾತೆತ್ತಿದ. "ಅಂಗಿ ಸುಟ್ಟೋನಿಗೆ ಸಂಬಳ ಬೇರೆ ಜಾಸ್ತಿ ಮಾಡ್ಬೇಕಾ?"

"ಹೋದ ವರ್ಷ ಕೇಳಿದಾಗ, ಬಡ್ಡಿ ಏರಿದೆ, ಕೈ ಕಟ್ಟಿದೆ ಅಂದ್ರಿ. ಈಗ ಇಳಿದಿದೆ. ಧೈರ್ಯವಾಗಿ ಸಾಲ ಮಾಡಿ."

ಸಾಲವೆಂದರೆ ಬೆವರುವ ಮನುಷ್ಯ ಅವರು. ಗವರ್ನರ್ ಬಿಡಬೇಕಲ್ಲ, ಊಟದ ಹೊತ್ತಿನವರೆಗೂ ಅವರ ತಲೆ ತಿಂದು, ಕೊನೆಗೆ ಬ್ಯಾಂಕಿಗೇ ಎಳೆದೊಯ್ದ.

ಬ್ಯಾಂಕಿನ ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. ಸಾಲ ಹಂಚಿ ಎಂದು ಮೇಲಿನವರು ಬೆಳಿಗ್ಗೆಯಿಂದ ಅವರ ಬೆನ್ನು ಬಿದ್ದಿದ್ದರು. "ಅಂಗಡಿ ಅಡ ಇಡಿ, ಸಾಕು. ಜೊತೆಗೆ ಒಬ್ಬರ ಜಾಮೀನು ಬೇಕು."

ಯಜಮಾನರು ಭಾಮೈದನಿಗೆ ಫೋನ್ ಮಾಡಿದರು. ಅವನಿಗೆ ಆ ಗಳಿಗೆಯಲ್ಲೇ ಹೊಟ್ಟೆನೋವು ಶುರುವಾಯಿತು.

"ನಾನಿದೀನಲ್ಲ" ಎಂದು ಗವರ್ನರ್ ಎದೆಯುಬ್ಬಿಸಿದ.

"ಇವರಿಗೆ ಕಾಯಂ ಕೆಲಸ ಇದೆಯೇ?" ಮ್ಯಾನೇಜರು ಕೇಳಿದರು.

"ನಮ್ಮ ಮನೆಯೋನ ಥರ ಸ್ವಾಮಿ" ಎಂದು ಯಜಮಾನರು ಬೆನ್ನು ತಟ್ಟಿದರು. ಅವನು ಹಿಗ್ಗಿ ಹೀರೇಕಾಯಿಯಾಗಿ, ಓದದೆ ತೋರಿಸಿದ ಕಡೆಯೆಲ್ಲ ರುಜು ಹಾಕಿದ.

ಸಂಜೆ ಯಜಮಾನರು ಅವನನ್ನು ಕರೆದು ಬಣ್ಣದ ಚಿತ್ರವೊಂದನ್ನು ಮುಂದೆ ಹಿಡಿದರು. "ನೋಡು, ಇಸ್ತ್ರಿ ಮಾಡೋ ಮೆಷಿನ್ನು. ನಾಲ್ಕು ಆಳಿನ ಕೆಲಸ ಇದೊಂದೇ ಮಾಡುತ್ತಂತೆ. ನೀನು ಕಣ್ಣು ತೆರೆಸದಿದ್ರೆ ನಾನು ಈ ಧೈರ್ಯ ಮಾಡ್ತಿರಲಿಲ್ಲ ಕಣಯ್ಯ."

ಗವರ್ನರ್ ಚಿತ್ರದ ಮೇಲೆ ಬಗ್ಗಿದ. "ಅದನ್ನ ನಡೆಸೋದು ನಾನೇ ತಾನೇ?"

"ಗುಂಡಿ ಒತ್ತೋಕೆ ನನ್ನ ಅಳಿಯ ಇದಾನೆ. ಈ ತಿಂಗಳ ಕೊನೇವರೆಗೆ ನೀನು ಬಾ, ಆಮೇಲೆ ಬೇರೆ ಕಡೆ ನೋಡ್ಕೋ."

ಎರಡು ಕೋಣೆಯ ಮನೆ ಕೈ ತಪ್ಪಿತು. ಇದ್ದ ಒಂದು ಕೋಣೆಯ ಬಾಡಿಗೆಗೂ ದಾರಿ ಕಾಣಲಿಲ್ಲ. ಅವನಿಗೆ ಅಳುವೇ ಬಂತು. "ಹಾಗಾದ್ರೆ ನನ್ನ ಜಾಮೀನು?"

"ಅದಕ್ಕೇನೂ ಯೋಚನೆ ಮಾಡ್ಬೇಡ" ಎಂದು ಯಜಮಾನರು ಸಮಾಧಾನ ಹೇಳಿದರು. "ಸಾಲ ತೀರೋವರೆಗೂ ಅದನ್ನ ಯಾರೂ ತೆಗೆಯೋ ಹಾಗಿಲ್ಲ."