ಪಥ್ಯದ ಗುಂಡು

ಆ ಫೋನು ಎರಡೇ ಎರಡು ನಿಮಿಷ ತಡವಾಗಿ ಬಂದಿದ್ದರೆ ಸುದರ್ಶನ ಆ ಶನಿವಾರ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದ.

ಸ್ವೀಡನ್ನಿನ ಲಿಂಕೋಪಿಂಗ್‌ನ ಆ ಹಳೆಯ ನಾಲ್ಕಂತಸ್ತಿನ ಕಟ್ಟಡದ ನೆಲಮಾಳಿಗೆಯಲ್ಲಿ ಮನೆಗೊಂದರಂತೆ ಸಾಮಾನಿನ ಕೋಣೆಗಳಿದ್ದವು. ತನ್ನ ಕೋಣೆಯಲ್ಲಿ ಕೂತು ಅವನು ಮ್ಯಾಗ್ನಮ್ ರಿವಾಲ್ವರಿನ ತೋಟಾಗಳನ್ನು ಕೈಯಾರೆ ತುಂಬುತ್ತಿದ್ದ. ಹಿತ್ತಾಳೆಯ ಕೊಳವೆಗೆ ಅಳತೆ ಮಾಡಿ ಮದ್ದು ಸುರಿಯುವುದು, ಮೇಲೆ ಸೀಸದ ಗುಂಡು ಕೂರಿಸಿ ಒತ್ತುವುದು. ಅಂಗಡಿಯ ತೋಟಾ ಹಾಕಿದರೆ ಆ ರಿವಾಲ್ವರು ಕರು ಹಾಕಿದ ಎಮ್ಮೆಯ ಹಾಗೆ ಒದೆಯುತ್ತಿತ್ತು. ಎರಡು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಹೋದ ಮೇಲೆ ಅವನು ಮದ್ದು ಕಡಿಮೆ ಹಾಕಿದ ಮೆತ್ತನೆಯ ತೋಟಾಕ್ಕೆ ಇಳಿದಿದ್ದ. ಹೆಂಡತಿ ಮೀರಾ ಅದಕ್ಕೆ 'ಪಥ್ಯದ ಗುಂಡು' ಎಂದು ಹೆಸರಿಟ್ಟಿದ್ದಳು.

ಈ ವಿದ್ಯೆ ಕಲಿಸಿದವರು ಎರಡನೇ ಮಹಡಿಯ ಸ್ಟೂರೆ. ಸುದರ್ಶನ ಹೋಗುತ್ತಿದ್ದ ಶೂಟಿಂಗ್ ಕ್ಲಬ್ಬಿನ ಹಳೆಯ ಹುಲಿ. ಮಾತೇ ಆಡದ ಮುದುಕ. ಮಾಡಿದ್ದು ಸರಿಯಿದ್ದರೆ ಮೇಜನ್ನು ಮೂರು ಸಲ ತಟ್ಟುತ್ತಿದ್ದರು, ತಪ್ಪಿದ್ದರೆ ಸುಮ್ಮನೆ ನಿಂತಿರುತ್ತಿದ್ದರು. ಅಷ್ಟೇ ಅವರ ಪಾಠ. ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು.

ಫೋನು ಮಾಡಿದವನು ರಾಜಶೇಖರ. ಒಂದೂವರೆ ತಿಂಗಳ ಹಿಂದೆ ದಾವಣಗೆರೆಯಿಂದ ಬಂದು ಮೂರನೇ ಮಹಡಿ ಸೇರಿದವನು.

"ಏನ್ ಮಾಡ್ತಿದೀರಾ ಸುದರ್ಶನ್?"

"ಗುಂಡು ಹಾಕ್ತಾ ಇದೀನಿ."

"ಬೆಳಗ್ಗೆ ಹನ್ನೊಂದಕ್ಕೇನಾ? ಮನೇಲಿ?"

"ಮನೇಲಿ ಮೀರಾ ಬಿಡಲ್ಲ. ಬೇಸ್‌ಮೆಂಟಲ್ಲಿ."

"ಸ್ಟ್ರಾಂಗಾ?"

"ಅಯ್ಯೋ, ಇಲ್ಲಪ್ಪ. ತುಂಬಾ ಮೈಲ್ಡು."

"ಎಷ್ಟು ಆಯ್ತು?"

"ಐವತ್ತು ಹಾಕಿದ್ರೆ ಇವತ್ತಿಗೆ ಸಾಕು."

ರಾಜಶೇಖರ ಗಂಟಲು ಸರಿಮಾಡಿಕೊಂಡು ಫೋನಿಟ್ಟ. ಸುದರ್ಶನ ಕೆಲಸಕ್ಕೆ ಮರಳಿ ಐವತ್ತನ್ನೂ ಮುಗಿಸಿದ. ಡಬ್ಬಿಯ ಮುಚ್ಚಳ ಹಾಕುವಾಗ ಅವನಿಗೆ ಅನುಮಾನ ಹುಟ್ಟಿತು. ಫೋನ್ ಎತ್ತಿಕೊಂಡಾಗ ಕೈಯಲ್ಲಿದ್ದ ಕೊಳವೆಗೆ ಮದ್ದು ಸುರಿದಿದ್ದನೋ ಇಲ್ಲವೋ?

ಮದ್ದಿಲ್ಲದ ತೋಟಾ ಅಷ್ಟಾಗಿ ಸದ್ದು ಮಾಡುವುದಿಲ್ಲ. ಕೊಳವೆಯ ಬುಡದ ಕಿಡಿಯ ಒತ್ತಡಕ್ಕಷ್ಟೇ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲೇ ಕೂತುಬಿಡುತ್ತದೆ. ಅದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದರೆ ರಿವಾಲ್ವರು ಕೈಯಲ್ಲೇ ಸಿಡಿಯಬಹುದು. ತೂಗಿ ನೋಡೋಣವೆಂದರೆ ಪಥ್ಯದ ಮದ್ದು ಚಿಟಿಕೆಯಷ್ಟು. ಗುಂಡಿನಿಂದ ಗುಂಡಿಗೆ ತೂಕದಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ. ಉಳಿದದ್ದು ಒಂದೇ ದಾರಿ, ಐವತ್ತನ್ನೂ ಬಿಚ್ಚುವುದು. ನಾಲ್ಕೂವರೆಗೆ ಕ್ಲಬ್ಬಿನಲ್ಲಿ ವರ್ಷದ ಕೊನೆಯ ಸ್ಪರ್ಧೆ. ಅದರಲ್ಲಿ ಭಾಗವಹಿಸದಿದ್ದರೆ ಕ್ಲಬ್ಬಿನವರು ಅವನು ಸಕ್ರಿಯ ಸದಸ್ಯನೆಂಬ ಪತ್ರಕ್ಕೆ ಸಹಿ ಹಾಕುವುದಿಲ್ಲ. ಪತ್ರವಿಲ್ಲದೆ ಲೈಸೆನ್ಸ್ ಮುಂದುವರಿಯುವುದಿಲ್ಲ.

ತೋಟಾ ಬಿಚ್ಚಲು ಸುತ್ತಿಗೆಯ ಹಾಗಿರುವ ಒಂದು ಪ್ಲಾಸ್ಟಿಕ್ ಉಪಕರಣವಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಯ ಮೇಲೆ ಕುಟ್ಟಬೇಕು. ಮೂರನೇ ಏಟಿಗೆ ಗುಂಡು ಕಳಚಿ, ಮದ್ದು ಒಳಗೇ ಉದುರುತ್ತದೆ.

ಟಕ್. ಟಕ್. ಟಕ್. ಮೊದಲನೆಯದು ಬಿಚ್ಚಿತು. ಮದ್ದಿತ್ತು.

ತಲೆಯ ಮೇಲೆ ಹಾದುಹೋಗಿದ್ದ ಬಿಸಿನೀರಿನ ಪೈಪಿನಿಂದ ಉತ್ತರ ಬಂತು. ಟಕ್. ಟಕ್. ಟಕ್.

ಪೈಪು ಬಿಸಿಯಾಗಿ ಹಿಗ್ಗುತ್ತಿರಬೇಕು ಎಂದುಕೊಂಡ. ಎಂಜಿನಿಯರಲ್ಲವೇ. ಎರಡನೆಯದನ್ನು ಕುಟ್ಟಿದ. ಪೈಪು ಮತ್ತೆ ಮೂರು ಸಲ ಹಿಗ್ಗಿತು. ಮೂರನೆಯದಕ್ಕೂ ಅಷ್ಟೇ. ನೆಲಮಾಳಿಗೆಯ ದೀಪ ನಾಲ್ಕು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗುವಂಥದ್ದು. ಪ್ರತಿ ಸಲವೂ ಕತ್ತಲಲ್ಲಿ ತಡವರಿಸುತ್ತಾ ಹೊರಗೆ ಹೋಗಿ ಗುಂಡಿ ಒತ್ತಿ ಬರಬೇಕಿತ್ತು. ಹಾಗೆ ತಡವರಿಸುವಾಗಲೇ ಅವನಿಗೆ ನೆನಪಾದದ್ದು, ಇವತ್ತು ಸ್ವೀಡನ್ನಿನವರು ಸತ್ತವರ ಸಮಾಧಿಗೆ ಮೇಣದ ಬತ್ತಿ ಹಚ್ಚುವ ದಿನ.

ಹತ್ತನೆಯದರ ಹೊತ್ತಿಗೆ ಮೀರಾಳ ಫೋನು ಬಂತು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. "ರೀ, ಐವತ್ತು ಹಾಕಿದ್ರಂತೆ? ರಾಜಶೇಖರ್ ಫೋನ್ ಮಾಡಿ ಅಳೋದೊಂದು ಬಾಕಿ!"

"ಅದು ಆ ಗುಂಡಲ್ಲ ಕಣೇ! ಇರು, ಈಗ ಬಿಚ್ಚಿ ಬಿಚ್ಚಿ ನೋಡ್ತಾ ಇದೀನಿ."

"ಬಿಚ್ಚಿ? ಏನ್ ಬಿಚ್ತಿದೀರಾ? ರೀ, ಮೈಮೇಲೆ ಬಟ್ಟೆ ಇದೆ ತಾನೆ?"

ಅಷ್ಟರಲ್ಲಿ ದೀಪ ಆರಿತು, ಫೋನಿನ ಸಿಗ್ನಲ್ಲೂ ಹೋಯಿತು.

ಸುದರ್ಶನ ಹಲ್ಲು ಕಚ್ಚಿ ಕುಟ್ಟುತ್ತಲೇ ಹೋದ. ಇಪ್ಪತ್ತು. ಮೂವತ್ತು. ಪ್ರತಿ ತೋಟಾದಲ್ಲೂ ಮದ್ದು, ಪ್ರತಿ ಸಲವೂ ಪೈಪಿನಿಂದ ಮೂರು ತಟ್ಟು. ಅವಸರವಿಲ್ಲದ, ಒಪ್ಪಿಗೆ ಕೊಡುವಂಥ ತಟ್ಟು. ಎಲ್ಲಿ ಕೇಳಿದ್ದೇನೆ ಇದನ್ನು ಎಂದು ಯೋಚಿಸಬಾರದೆಂದುಕೊಂಡು ಅದನ್ನೇ ಯೋಚಿಸುತ್ತಿದ್ದ.

ಮೂವತ್ತೆಂಟನೆಯದನ್ನು ಕುಟ್ಟಿದ. ಗುಂಡು ಕಳಚಿತು.

ಪೈಪಿನಿಂದ ಸದ್ದೇ ಬರಲಿಲ್ಲ.

ಸುತ್ತಿಗೆಯ ತಲೆ ತೆರೆದು ಅಂಗೈಗೆ ಬಗ್ಗಿಸಿದ. ಗುಂಡೊಂದೇ ಉರುಳಿತು. ಮದ್ದಿನ ಒಂದು ಕಣವೂ ಇರಲಿಲ್ಲ. ಬೆನ್ನ ಹಿಂದೆ ಯಾರೋ ಮಾತಾಡದೆ ನಿಂತಿದ್ದಾರೆಂದು ಅವನ ಕತ್ತಿನ ಕೂದಲಿಗೆ ಗೊತ್ತಾಯಿತು. ಮೂವತ್ತೊಂಬತ್ತನೆಯದನ್ನು ಸಿಕ್ಕಿಸಿ ಕುಟ್ಟಿದ. ಮದ್ದು ಉದುರಿತು.

ಟಕ್. ಟಕ್. ಟಕ್.

ಸುತ್ತಿಗೆ ಒಂದು ಕಡೆ, ಸುದರ್ಶನ ಇನ್ನೊಂದು ಕಡೆ. ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಬಂದವನು, ಬೀದಿಯಿಂದ ಚೀಲ ಹಿಡಿದು ಒಳಗೆ ಬರುತ್ತಿದ್ದ ರಾಜಶೇಖರನಿಗೆ ಡಿಕ್ಕಿ ಹೊಡೆದ.

ರಾಜಶೇಖರ ಮೊದಲು ಅವನ ಬಾಯಿ ಮೂಸಿ ನೋಡಿದ. "ವಾಸನೆ ಇಲ್ವಲ್ರೀ!"

"ಕೆಳಗಡೆ ಪೈಪ್... ಯಾರೋ ಕುಟ್ತಾ ಇದಾರೆ..."

"ಓ ಅದಾ? ನಾನೇ ಕಣ್ರೀ!" ರಾಜಶೇಖರ ನಾಚಿಕೊಂಡ. "ನಿಮ್ಮ ಸದ್ದು ರೇಡಿಯೇಟರ್‌ನಲ್ಲಿ ಕೇಳಿಸ್ತು. ಜಾಸ್ತಿಯಾಗಿ ಬಿದ್ದಿದೀರಾ, ಕರೀತಿದೀರಾ ಅನ್ಕೊಂಡೆ. ಧೈರ್ಯ ಹೇಳೋಕೆ ಸ್ಪೂನಲ್ಲಿ ವಾಪಸ್ ಕುಟ್ಟಿದೆ."

"ಕೆಳಗೆ ಬರಬಹುದಿತ್ತಲ್ಲ!"

"ಕುಡಿದೋರು ಅಂದ್ರೆ ನಂಗೆ ಚಿಕ್ಕಂದಿನಿಂದ ಭಯ."

ಸುದರ್ಶನ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಗುಂಡು ಎಂದರೆ ಯಾವ ಗುಂಡು ಎಂದು ಬಿಡಿಸಿ ಹೇಳಿದ ಮೇಲೆ ರಾಜಶೇಖರನೂ ನಕ್ಕ. ಆ ಸದ್ದಿಗೆ ಎರಡನೇ ಮಹಡಿಯ ಬಾಗಿಲು ತೆರೆದು ಸ್ಟೂರೆಯ ಹೆಂಡತಿ ಗುನ್‌ವೋರ್ ಕೋಲೂರಿಕೊಂಡು ಕಂಬಿಯ ಬಳಿ ಬಂದು ನಿಂತರು. ಎಂಬತ್ತರ ಮುದುಕಿಯನ್ನೂ ಇಲ್ಲಿ ಹೆಸರು ಹಿಡಿದೇ ಕರೆಯಬೇಕು. ಸುದರ್ಶನನ ನಾಲಿಗೆಗೆ ಅದಿನ್ನೂ ಒಗ್ಗಿರಲಿಲ್ಲ.

"ಸುದರ್ಶನ್, ನೀನೂ ಕೇಳಿದೆಯಾ?" ಎಂದು ಸ್ವೀಡಿಶ್‌ನಲ್ಲಿ ಕೇಳಿದರು. ಕೆನ್ನೆ ಕೆಂಪೇರಿತ್ತು. "ನನ್ನ ಸ್ಟೂರೆ ಬಂದಿದ್ದ. ಊಟವಾದಾಗಿನಿಂದ ಪೈಪಿಗೆ ಕಿವಿಕೊಟ್ಟು ಕೂತಿದ್ದೆ. ಅದು ಅವನದೇ ತಟ್ಟು."

ಏಳು ತಿಂಗಳಲ್ಲಿ ಆ ಮುಖದಲ್ಲಿ ಇಷ್ಟು ಬೆಳಕನ್ನು ಸುದರ್ಶನ ಕಂಡಿರಲಿಲ್ಲ. ಅದು ರಾಜಶೇಖರನ ಸ್ಪೂನು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹೌದು ಗುನ್‌ವೋರ್, ನಾನೂ ಕೇಳಿದೆ," ಎಂದ. ಅವರು ಖುಷಿಯಿಂದ ತಲೆಯಾಡಿಸಿ ಒಳಗೆ ಹೋದರು.

"ಏನಂದ್ರು?" ಎಂದ ಸ್ವೀಡಿಶ್ ಬಾರದ ರಾಜಶೇಖರ.

"ಪಾಪ, ನೀವು ಕುಟ್ಟಿದ್ದನ್ನ ಗಂಡ ಅನ್ಕೊಂಡಿದಾರೆ. ಪರವಾಗಿಲ್ಲ ಬಿಡಿ, ಪುಣ್ಯದ ಕೆಲಸ. ಆದ್ರೂ ಎಂಥಾ ತಾಳ್ಮೆ ರೀ ನಿಮ್ಮದು, ಹತ್ತಿರ ಹತ್ತಿರ ನಲವತ್ತು ಸಲ!"

"ನಲವತ್ತಾ?" ರಾಜಶೇಖರ ಚೀಲ ಕೆಳಗಿಟ್ಟ. "ಐದಾರು ಸಲ ಕುಟ್ಟಿರಬೇಕು. ಆಮೇಲೆ ಮೀರಾ ಅವರಿಗೆ ಫೋನ್ ಮಾಡಿ, ಮೊಸರು ತರೋಕೆ ಬಸ್ ಹತ್ತಿದೆ. ಈಗ ತಾನೆ ಇಳಿದು ಬರ್ತಿದೀನಿ."

ಮೆಟ್ಟಿಲಿನ ದೀಪ ಆರಿತು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರು.

ಆಗ ಸುದರ್ಶನನಿಗೆ ಇನ್ನೊಂದು ಹೊಳೆಯಿತು. ಕೆಳಗೆ ಕೋಣೆಯ ಬಾಗಿಲು ಹಾರುಹೊಡೆದಿದೆ, ಮದ್ದಿನ ಡಬ್ಬಿ ತೆರೆದೇ ಇದೆ. ಯಾರಾದರೂ ಕಂಡು ಪೊಲೀಸರಿಗೆ ತಿಳಿಸಿದರೆ ಲೈಸೆನ್ಸ್ ಇವತ್ತೇ ಹೋಯಿತು. ಗಂಟೆ ಮೂರೂಕಾಲು. ಬಿಚ್ಚಿದ ಮೂವತ್ತೊಂಬತ್ತನ್ನೂ ಮತ್ತೆ ತುಂಬಬೇಕು.

"ರಾಜಶೇಖರ್, ಒಂದು ಹತ್ತು ನಿಮಿಷ ಜೊತೆಗೆ..."

"ಮೊಸರು ಹುಳಿಯಾಗುತ್ತೆ ಕಣ್ರೀ," ಎಂದ ರಾಜಶೇಖರ, ಹೊರಗಡೆ ಎರಡು ಡಿಗ್ರಿ ಚಳಿಯಿದ್ದಾಗ. ಮೂರನೇ ಮಹಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದದ್ದು ಕೆಳಗಿನವರೆಗೂ ಕೇಳಿಸಿತು.

ಸುದರ್ಶನ ಒಬ್ಬನೇ ನೆಲಮಾಳಿಗೆಯ ಕಡೆ ತಿರುಗಿದ. ಅಷ್ಟರಲ್ಲಿ ಮೇಲಿನಿಂದ ಗುನ್‌ವೋರ್ ಕರೆದರು. ಸೊಂಟ ನೋವಿನಲ್ಲೂ ನಾಲ್ಕು ಮೆಟ್ಟಿಲು ಇಳಿದು ಬಂದಿದ್ದರು. ಕೈಯಲ್ಲಿ ಬುಟ್ಟಿ, ಅದರಲ್ಲಿ ಕಾಫಿಯ ಫ್ಲಾಸ್ಕು, ದಾಲ್ಚಿನ್ನಿ ಬನ್ನು, ಎರಡು ಕಪ್ಪು.

"ಎರಡು ಯಾಕೆ ಗುನ್‌ವೋರ್? ಇರೋದು ನಾನೊಬ್ಬನೇ."

ಅವರು ಎಳೆ ಮಗುವಿಗೆ ನಗುವ ಹಾಗೆ ನಕ್ಕು ಬುಟ್ಟಿಯನ್ನು ಅವನ ಕೈಗಿಟ್ಟರು.

"ಅವನ ಕಪ್ಪಿಗೆ ಸಕ್ಕರೆ ಹಾಕಬೇಡ."