ಕೊಕ್ಕೆ ಸಾಹೇಬರು ಅರ್ಜಿ ತುಂಬಿದ ಪ್ರಸಂಗ

ಕೊಕ್ಕೆ ಸಾಹೇಬರು ನಿವೃತ್ತರಾಗಿ ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಒಬ್ಬನೇ ಒಬ್ಬ ನರಮನುಷ್ಯ ಅವರ ಮುಂದೆ ಅರ್ಜಿ ಹಿಡಿದು ನಿಂತು ‘ಸಾರ್, ಇದು ಸರಿಯಾಗಿದೆಯಾ ನೋಡಿ’ ಎಂದು ಹಲ್ಲು ಗಿಂಜಿರಲಿಲ್ಲ. ಲೋಕ ಕೆಟ್ಟು ಕೆರ ಹಿಡಿದಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕೇ?

ಸಾಹೇಬರು ಎಂದರೆ ಅಂಥ ದೊಡ್ಡ ಸಾಹೇಬರೇನಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತಿದ್ದ ಗುಮಾಸ್ತರು. ಕೂತಿದ್ದರು ಎಂಬುದು ನಿಜ; ಅರ್ಜಿ ತೆಗೆದುಕೊಳ್ಳುತ್ತಿದ್ದರು ಎಂಬುದು ಇಲಾಖೆಯ ತಪ್ಪು ತಿಳುವಳಿಕೆ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರುತ್ತೀರಿ. ಇವರು ಕಲ್ಲು ಸಿಗದಿದ್ದರೆ ಮನೆಯಿಂದ ತಂದು ಹಾಕುವ ಪೈಕಿ. ಮೊದಲ ಸಲಕ್ಕೇ ಅರ್ಜಿ ಸ್ವೀಕರಿಸಿದ ಕಳಂಕ ಅವರ ಸೇವಾ ಪುಸ್ತಕದಲ್ಲಿ ಇಲ್ಲ. ನಲ್ಲಿ ಹಾಕಿಸಿಕೊಳ್ಳಲು ಆರು ಸಲ ಅಲೆದ ಬಡಪಾಯಿಯೊಬ್ಬ ಏಳನೆಯ ಸಲ ಬರಲೇ ಇಲ್ಲ, ಮನೆಯ ಹಿಂದೆ ಬಾವಿ ತೋಡಿಸಿಕೊಂಡ. (ಇದನ್ನು ಸಾಹೇಬರು ಇಲಾಖೆಗೆ ನೀರು ಉಳಿಸಿಕೊಟ್ಟ ಸಾಧನೆ ಎಂದು ಬೀಳ್ಕೊಡುಗೆಯ ಭಾಷಣದಲ್ಲಿ ಹೇಳಿಕೊಂಡರು.) ಕೊಕ್ಕೆ ಎಂಬ ಬಿರುದು ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟದ್ದು ಎಂದೇ ಅವರ ನಂಬಿಕೆ.

ಇಂಥವರನ್ನು ಕಟ್ಟಿಕೊಂಡ ಹೆಂಗಸು ಹೊಲಿಗೆ ಕಲಿತಿದ್ದು ಪುಣ್ಯ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಒಂದೇ ಒಂದು ಮಿಷನ್ನಿನಲ್ಲಿ ಶುರುಮಾಡಿದ ಕೆಲಸ ಈಗ ಬೆಳೆದು, ಹಜಾರದ ತುಂಬ ಮೂರು ಮಿಷನ್ನು, ಆಸ್ಪತ್ರೆಯವರ ಇನ್ನೂರು ಬಿಳಿ ಕೋಟು, ಗುಂಡಿ ಹಾಕಲು ಬರುವ ಗುಂಡಿ ಅಕ್ಕ, ಎಲ್ಲ ಸೇರಿ ಮನೆಯಲ್ಲಿ ಗಂಡನಿಗೊಂದು ಕುರ್ಚಿ ಇಡಲು ಜಾಗವಿಲ್ಲದಂತಾಗಿತ್ತು. ಸಾಹೇಬರು ಎಲ್ಲಿ ಕೂತರೂ ಸೂಜಿ, ಏನು ಕುಡಿದರೂ ದಾರದ ಎಳೆ.

ಅಷ್ಟರಲ್ಲಿ ಪಕ್ಕದ ಬೀದಿಯ ಮೂಲೆಯಲ್ಲಿ ಒಂದು ಮಳಿಗೆ ಖಾಲಿಯಾಯಿತು. ರಸ್ತೆಗೆ ತೆರೆದ ದೊಡ್ಡ ಗಾಜಿನ ಕಿಟಕಿ, ಹಿಂದೆ ಕತ್ತರಿಸುವ ಮೇಜಿಗೆ ಹೇಳಿ ಮಾಡಿಸಿದಂಥ ಉದ್ದದ ಕೋಣೆ. ಹೆಂಡತಿ ಅದನ್ನು ಹೊರಗಿನಿಂದಲೇ ಹನ್ನೊಂದು ಸಲ ನೋಡಿ ಬಂದಿದ್ದಳು. ಹನ್ನೆರಡನೆಯ ಸಲ ಗಂಡನನ್ನೂ ಕರೆದುಕೊಂಡು ಒಳಗೆ ಹೋದಳು. ಮಾಲೀಕಿ ನಿವೃತ್ತ ಹೆಡ್‌ಮೇಡಂ. ಮೊಬೈಲ್ ರಿಪೇರಿಯವನೊಬ್ಬ ಮುಂಗಡ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರೂ ‘ನಿನ್ನ ಹೊಲಿಗೆ ಚೆನ್ನಾಗಿದೆಯಮ್ಮ, ನಿನಗೇ ಕೊಡ್ತೀನಿ’ ಎಂದರು. ಆಮೇಲೆ ಕನ್ನಡಕ ಏರಿಸಿ ಷರತ್ತು ಹೇಳಿದರು.

‘ಹಿಂದೆ ಇದ್ದವನು ತಿಂಗಳಾ ತಿಂಗಳಾ ನನ್ನ ಬಾಡಿಗೆಯಲ್ಲಿ ತೆರಿಗೆ ಅಂತ ಮುರ್ಕೊಂಡ. ಸರ್ಕಾರಕ್ಕೆ ಕಟ್ಟದೆ ನುಂಗಿ ನೀರು ಕುಡಿದ. ನೋಟೀಸು ಬಂದಿದ್ದು ನನಗೆ. ಈ ಸಲ ತೆರಿಗೆ ಕಡಿತದ ಖಾತೆ ನಂಬರು ಇದ್ದವರಿಗೇ ಬೀಗದ ಕೈ. ನಂಬರು ಬರೋದು ತಡ ಆದ್ರೆ ಪರವಾಗಿಲ್ಲ, ಅರ್ಜಿ ಕೊಟ್ಟ ರಸೀದಿ ತೋರಿಸು. ಶುಕ್ರವಾರ ಸಂಜೆ ಐದು ಗಂಟೆ. ಐದು ಅಂದ್ರೆ ಐದು.’

ದಾರಿಯಲ್ಲಿ ಸಾಹೇಬರು ಮೂಗು ತೂರಿಸಿದರು. ‘ನಿನಗೆ ತೆರಿಗೆ ನಂಬರು ಇದೆಯಲ್ಲೇ. ಅದು ಸಾಲ್ದಾ ಆ ಮೇಡಂಗೆ?’

‘ಅದು ನಾನು ಕಟ್ಟೋ ನನ್ನ ತೆರಿಗೆಗೆ ರೀ. ಇದು ಬೇರೆಯವರ ತೆರಿಗೆ ಮುರ್ಕೊಂಡು ಸರ್ಕಾರಕ್ಕೆ ಕಟ್ಟೋರಿಗೆ. ಮುರ್ಕೊಂಡಿದ್ದು ಯಾರು, ಕಟ್ಟಿದ್ದು ಯಾರು ಅಂತ ಅವರಿಗೆ ಗೊತ್ತಾಗ್ಬೇಕಲ್ಲ? ಗಿರಾಕಿ ಬಟ್ಟೆ ಕೊಟ್ರೆ ನಾನು ಕತ್ತರಿಸ್ತೀನಿ, ಬಟ್ಟೆ ನನ್ನದಾಗುತ್ತಾ? ಹಾಗೇ ಇದು. ಕತ್ತರಿ ಹಿಡಿಯೋ ಕೈಗೊಂದು ನಂಬರು.’

‘ಅದು ನನಗೂ ಗೊತ್ತು,’ ಎಂದರು ಸಾಹೇಬರು. (ಗೊತ್ತಿರಲಿಲ್ಲ.) ‘ಅರ್ಜಿ ತಾನೇ? ನನಗೆ ಬಿಡು. ಅರ್ಜಿ ವಿಷಯದಲ್ಲಿ ನನಗೆ ಹೇಳಿಕೊಡೋರು ಇನ್ನೂ ಹುಟ್ಟಿಲ್ಲ.’

ಆ ಹೊತ್ತಿಗೆ ಹೆಂಡತಿ ಬೇಡ ಎನ್ನಬೇಕಿತ್ತು. ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹಿರಿಯರು ಎಚ್ಚರಿಸಿಯೇ ಇದ್ದಾರೆ. ಗಂಡ ಮಾಡುವುದನ್ನು ಯಾವ ಸಾಲಿಗೆ ಸೇರಿಸಬೇಕೋ ಅವರಿಗೂ ಹೊಳೆಯದೆ ಕೈಬಿಟ್ಟಿರಬೇಕು. ಆದರೆ ಏಳು ತಿಂಗಳಿಂದ ಕಿಟಕಿಯಿಲ್ಲದೆ ಬಾಡಿಹೋಗಿದ್ದ ಆ ಮುಖ ಅರ್ಜಿ ಎಂದೊಡನೆ ಅರಳಿದ್ದು ಕಂಡು ಆಕೆಗೆ ಕರುಳು ಚುರುಕ್ಕೆಂದಿತು. ಸರಿ, ಮಾಡಿ ಎಂದುಬಿಟ್ಟಳು.

ಸೋಮವಾರ ಸಾಹೇಬರು ಅರ್ಜಿಯ ನಮೂನೆಯ ಹತ್ತು ಪ್ರತಿ ತಂದರು. ಮಂಗಳವಾರ ಪೂರ್ತಿ ಅದರ ಹಿಂದಿನ ಸೂಚನೆಗಳನ್ನು ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ಅಧ್ಯಯನ ಮಾಡಿದರು. ಬುಧವಾರ ಪೆನ್ನು ಹಿಡಿದು ಮೊದಲ ಚೌಕದ ಮೇಲೆ ಕೈ ತಂದು ನಿಲ್ಲಿಸಿದರು. ಕೈ ಅಲ್ಲೇ ನಿಂತಿತು. ಆಗ ಅವರಿಗೆ ಒಂದು ಭಯಂಕರ ಸತ್ಯ ತಿಳಿಯಿತು. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಅರ್ಜಿಗಳನ್ನು ಹಿಂದಿರುಗಿಸಿದ್ದರೇ ಹೊರತು ಒಂದನ್ನಾದರೂ ತುಂಬಿರಲಿಲ್ಲ. ಬರೆದರೆ ತಪ್ಪಾಗುತ್ತದೆ, ತಪ್ಪು ಎಷ್ಟು ಬಗೆಯದ್ದಿರಬಹುದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ನೋಡೇ,’ ಎಂದರು ಗಂಭೀರವಾಗಿ, ‘ಅರ್ಜಿದಾರಳು ನೀನು. ನೀನೇ ತುಂಬು. ನಾನು ಪರಿಶೀಲಿಸ್ತೀನಿ.’

ಹೆಂಡತಿ ಕೋಟಿನ ತೋಳು ಪಕ್ಕಕ್ಕಿಟ್ಟು ಹತ್ತು ನಿಮಿಷದಲ್ಲಿ ತುಂಬಿಕೊಟ್ಟಳು. ಐದು ನಿಮಿಷದಲ್ಲಿ ಅದು ವಾಪಸ್ ಬಂತು. ‘ಹೆಸರಿನ ಕೊನೇ ಅಕ್ಷರ ಚೌಕದ ಗೆರೆಗೆ ತಾಗಿದೆ. ಇನ್ನೊಂದು ಬರಿ.’

ಇನ್ನೊಂದು ಬರೆದಳು. ‘ಇದು ಕಪ್ಪು ಶಾಯಿನಾ? ಬೆಳಕಿಗೆ ಹಿಡಿದ್ರೆ ನೀಲಿ ಹೊಡೀತಿದೆ.’

ಮೂರನೆಯದು ಬರೆದಳು. ಸಾಹೇಬರು ಭೂತಗನ್ನಡಿ ತಂದರು. ‘ಸಹಿ ಸರಿಯಿಲ್ಲ.’

‘ನನ್ನ ಸಹಿ ನನಗೇ ಸರಿಯಾಗಿ ಬರಲ್ವಾ?’

‘ಮೊದಲೆರಡು ಅರ್ಜಿಯಲ್ಲಿ ಬಾಲ ಮೇಲಿತ್ತು. ಇದರಲ್ಲಿ ಕೆಳಗಿದೆ. ಸಂಶಯಕ್ಕೆ ಆಸ್ಪದ.’

‘ಬೆಳಿಗ್ಗೆಯಿಂದ ನಿಮ್ಮ ಕಾಟಕ್ಕೆ ಬಾಲ ಬಿದ್ದುಹೋಗಿದೆ,’ ಎಂದಳು ಹೆಂಡತಿ.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಗುಂಡಿ ಅಕ್ಕ ತಲೆ ಎತ್ತದೆಯೇ ಕೇಳಿದಳು: ‘ಅಮ್ಮಾ, ನಿಮ್ಮ ಮದುವೆ ದಿನ ಇವರು ಒಂದೇ ಸಲಕ್ಕೆ ಒಪ್ಪಿಕೊಂಡ್ರಾ?’

ಸಾಹೇಬರ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಗುರುವಾರ ಕೋಣೆಯ ಬಾಗಿಲು ಹಾಕಿಕೊಂಡು ತಾವೇ ತುಂಬಲು ಕೂತರು. ಊಟಕ್ಕೂ ಹೊರಬರಲಿಲ್ಲ. ಅಕ್ಷರಗಳನ್ನು ಮುತ್ತಿನಂತೆ ಕೂರಿಸಿದರು. ‘ತೆರಿಗೆ ಕಡಿತಕ್ಕೆ ಜವಾಬ್ದಾರ ವ್ಯಕ್ತಿ’ ಎಂಬ ಅಂಕಣ ಬಂದಾಗ ಎದೆ ಉಬ್ಬಿಸಿ ಒಂದು ಕ್ಷಣ ಯೋಚಿಸಿದರು. ಈ ಮನೆಯಲ್ಲಿ ಜವಾಬ್ದಾರ ವ್ಯಕ್ತಿ ಯಾರು? ಉತ್ತರ ಸ್ಪಷ್ಟವಿತ್ತು. ತಮ್ಮ ಹೆಸರನ್ನೇ ಬರೆದರು. ಹೆಂಡತಿಗೆ ಹೇಳುವ ಅಗತ್ಯ ಕಾಣಲಿಲ್ಲ. ‘ಕೆಳಗೆ ಸಹಿ ಹಾಕು’ ಎಂದು ತೋರುಬೆರಳಿಟ್ಟು ತೋರಿಸಿದರು. ಎರಡು ಕೋಟಿನ ನಡುವೆ ಆಕೆ ಹಾಕಿದಳು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಸಾಹೇಬರು ಇಸ್ತ್ರಿ ಹೊಡೆದ ಅಂಗಿ ತೊಟ್ಟು ತೆರಿಗೆ ಅರ್ಜಿ ಕೇಂದ್ರದ ಸಾಲಿನಲ್ಲಿ ನಿಂತರು. ಕಿಟಕಿಯ ಹೊರಗಡೆ ನಿಂತಿದ್ದು ಜೀವನದಲ್ಲಿ ಅದೇ ಮೊದಲು. ಒಳಗಿದ್ದ ಹುಡುಗಿ ಅರ್ಜಿ ತೆಗೆದುಕೊಂಡು, ಸಹಿ ಇದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ, ಮುದ್ರೆ ಎತ್ತಿದಳು. ‘ಸರಿ ಇದೆ ಸರ್. ಶುಲ್ಕ ಕಟ್ಟಿ, ರಸೀದಿ ಕೊಡ್ತೀನಿ.’

ಬೇರೆ ಯಾರಾದರೂ ಆಗಿದ್ದರೆ ಹರಕೆ ತೀರಿಸುತ್ತಿದ್ದರು. ಸಾಹೇಬರಿಗೆ ಮೈ ಉರಿದುಹೋಯಿತು. ಒಂದು ದಿನವಿಡೀ ಉಪವಾಸ ಕೂತು ಬರೆದ ಅರ್ಜಿ, ಓದದೆಯೇ ಮುದ್ರೆ!

‘ನೋಡ್ಲೇ ಇಲ್ವಲ್ಲಮ್ಮ ನೀವು?’

‘ನೋಡಿದೆ ಸರ್.’

‘ಇದು ನೋಡೋದಾ? ಮೂವತ್ತೊಂದು ವರ್ಷ ನಾನು ಇದೇ ಕೆಲಸ ಮಾಡಿದೀನಿ. ಒಂದು ಅರ್ಜಿಗೆ ಕನಿಷ್ಠ ಕಾಲು ಗಂಟೆ ಕೊಡ್ತಿದ್ದೆ. ಹೀಗೆ ಕಣ್ಣು ಮುಚ್ಚಿ ತಗೊಂಡ್ರೆ ಇಲಾಖೆ ಮರ್ಯಾದೆ ಏನಾಗ್ಬೇಕು? ಸರಿಯಾಗಿ ಓದಿ.’

ಹಿಂದಿನ ಸಾಲು ಗೊಣಗತೊಡಗಿತು. ಹುಡುಗಿ ಎತ್ತಿದ ಮುದ್ರೆಯನ್ನು ಕೆಳಗಿಟ್ಟಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಆಕೆ ನಿಧಾನವಾಗಿ, ಒಂದೊಂದೇ ಅಂಕಣಕ್ಕೆ ಬೆರಳಿಟ್ಟು ಓದಿದಳು. ಸಾಹೇಬರು ಸಂತೃಪ್ತಿಯಿಂದ ನೋಡುತ್ತ ನಿಂತರು. ಬೆರಳು ಒಂದು ಕಡೆ ನಿಂತಿತು.

‘ಅಂಗಡಿ ಮಾಲೀಕರು ಬೇರೆ, ಜವಾಬ್ದಾರ ವ್ಯಕ್ತಿ ಬೇರೆ ಇದ್ದಾರಲ್ಲ. ಇದು ಯಾರು ಸರ್?’

‘ನಾನೇ.’

‘ನೀವು ಆ ಅಂಗಡಿಯಲ್ಲಿ ಏನು?’

‘ನಾನು ಆಕೆಯ ಗಂಡ.’

‘ಅದಕ್ಕೆ ಇಲ್ಲಿ ಅಂಕಣ ಇಲ್ಲ ಸರ್. ಪಾಲುದಾರರಾ?’

‘ಅಲ್ಲ.’

‘ವ್ಯವಸ್ಥಾಪಕರಾ? ನೌಕರರಾ?’

‘ಅಲ್ಲ...’

‘ಹಾಗಾದ್ರೆ ಇದನ್ನ ತಿದ್ದಿಸಿ ತನ್ನಿ,’ ಎಂದು ಅರ್ಜಿಯನ್ನು ಹೊರಗೆ ತಳ್ಳಿದಳು. ‘ಒಳ್ಳೇದಾಯ್ತು ಸರ್, ನೀವು ಹೇಳದಿದ್ರೆ ನಾನು ಗಮನಿಸ್ತಾನೇ ಇರ್ಲಿಲ್ಲ.’

ಇಂಗು ತಿಂದ ಮಂಗನಂತೆ ಸಾಹೇಬರು ಮನೆಗೆ ಬಂದಾಗ ಗಂಟೆ ನಾಲ್ಕು ದಾಟಿತ್ತು. ನಡೆದದ್ದನ್ನು ಹೇಳಿದರು. (ಹುಡುಗಿಗೆ ಓದಲು ಹೇಳಿದ್ದು ಯಾರು ಎಂಬ ಭಾಗವನ್ನು ಬಿಟ್ಟು.) ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಳಿಗೆಯ ಗಾಜಿನ ಕಿಟಕಿಗೆಂದು ಹೊಲಿದಿಟ್ಟಿದ್ದ ಪರದೆಯನ್ನು ಒಮ್ಮೆ ನೋಡಿದಳು, ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಸಾಹೇಬರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಅದು ದಾರದ ಎಳೆಯಲ್ಲ ಎಂದು ಅವರಿಗೂ ಗೊತ್ತಾಯಿತು.

ಅಷ್ಟರಲ್ಲಿ ಗುಂಡಿ ಅಕ್ಕ ಬಟ್ಟೆ ರಾಶಿಯ ಅಡಿಯಿಂದ ಒಂದು ಕಾಗದ ಎಳೆದಳು. ‘ಅಮ್ಮಾ, ಮೊನ್ನೆ ಬಾಲ ಕೆಳಗಿದೆ ಅಂದ್ರಲ್ಲ, ಆ ಅರ್ಜಿ. ನಾನು ಅಳತೆ ಬರ್ಕೊಳ್ಳೋಕೆ ಇಟ್ಕೊಂಡಿದ್ದೆ. ಇನ್ನೂ ಬರೆದಿಲ್ಲ.’

ಹೆಂಡತಿ ಅದನ್ನು ಕಿತ್ತುಕೊಂಡು ಆಟೋ ಹತ್ತಿದಳು. ಬಾಲ ಕೆಳಗಿದ್ದ ಸಹಿಯ ಆ ಅರ್ಜಿಗೆ ನಾಲ್ಕು ಮೂವತ್ತೈದಕ್ಕೆ ಮುದ್ರೆ ಬಿತ್ತು. ಐದಕ್ಕೆ ಮೂರು ನಿಮಿಷವಿದೆ ಎನ್ನುವಾಗ ಆಕೆ ಹೆಡ್‌ಮೇಡಂ ಮುಂದೆ ರಸೀದಿ ಹಿಡಿದಳು. ಮೊಬೈಲ್ ರಿಪೇರಿಯವನು ಮುಂಗಡ ಜೇಬಿಗೆ ಹಾಕಿಕೊಂಡು ಹೊರಟುಹೋದ. ಎರಡು ವಾರದಲ್ಲಿ ನಂಬರೂ ಬಂತು, ಮಿಷನ್ನುಗಳೂ ಮಳಿಗೆಗೆ ಹೋದವು.

ಹಜಾರ ಖಾಲಿಯಾಯಿತು. ಸಾಹೇಬರಿಗೆ ಕುರ್ಚಿ ಇಡಲು ಬೇಕಾದಷ್ಟು ಜಾಗ. ಆದರೆ ಕೂತರೆ ನಿದ್ದೆಯಿಲ್ಲ. ಹುಡುಗಿ ಕೇಳಿದ ಪ್ರಶ್ನೆ ಕೊರೆಯುತ್ತಿತ್ತು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು: ‘ನನಗೂ ಅಂಗಡಿಯಲ್ಲಿ ಏನಾದ್ರೂ ಒಂದು ಹುದ್ದೆ ಕೊಡೇ.’

‘ಲೆಕ್ಕ ಬರೀತೀರಾ?’

‘ಬರೀತೀನಿ. ಆದ್ರೆ ಅಲ್ಪ ಸ್ವಲ್ಪ ಸಂಬಳಕ್ಕೆ ಬರೋನಲ್ಲ ನಾನು,’ ಎಂದು ತಮ್ಮ ಘನತೆಗೆ ತಕ್ಕ ಒಂದು ಮೊತ್ತ ಹೇಳಿದರು. ಹೆಂಡತಿ ಒಂದು ಮಾತೂ ಆಡದೆ ಒಪ್ಪಿಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಅಷ್ಟು ಸುಲಭದ ಒಪ್ಪಿಗೆಯಿಂದ ಅನುಮಾನ ಬರಬೇಕಿತ್ತು. ಬರಲಿಲ್ಲ.

ತಿಂಗಳ ಕೊನೆಗೆ ಆಕೆ ಸಂಬಳದ ಕವರು ಕೊಟ್ಟಳು. ಸಾಹೇಬರು ಎಣಿಸಿದರು. ಮತ್ತೆ ಎಣಿಸಿದರು.

‘ಇದೇನೇ, ಐದರಲ್ಲಿ ಒಂದು ಪಾಲೇ ಇಲ್ಲ?’

‘ನಿಮ್ಮ ಪಿಂಚಣಿ ಜೊತೆ ಈ ಸಂಬಳ ಸೇರಿದ್ರೆ ಮಿತಿ ದಾಟುತ್ತೆ ರೀ. ತೆರಿಗೆ ಮುರ್ಕೊಂಡೆ. ಹೊಸ ನಂಬರಲ್ಲಿ ನಿಮ್ಮದೇ ಮೊದಲ ಬೋಣಿ.’

‘ಮಿತಿ ದಾಟಿದ್ರೂ ಇಷ್ಟೊಂದು ಆಗಲ್ಲ. ನನಗೇನು ಲೆಕ್ಕ ಬರಲ್ಲ ಅಂದ್ಕೊಂಡ್ಯಾ?’

‘ಕೆಲಸಕ್ಕೆ ಸೇರಿದ ದಿನ ನಿಮ್ಮ ತೆರಿಗೆ ನಂಬರು ಬರೆದುಕೊಡಿ ಅಂತ ಒಂದು ನಮೂನೆ ಕೊಟ್ಟಿದ್ದೆ. ಅಂಚು ಸಣ್ಣದಾಯ್ತು ಅಂತ ವಾಪಸ್ ಮಾಡಿದ್ರಿ. ಬೇರೆ ಕೊಟ್ಟೆ. ದಿನಾಂಕದ ಜಾಗ ಸರಿಯಿಲ್ಲ ಅಂದ್ರಿ. ನಂಬರು ಕೊಡದೇ ಇರೋ ನೌಕರನಿಗೆ ದೊಡ್ಡ ದರದಲ್ಲೇ ಮುರೀಬೇಕಂತೆ. ಕಾನೂನು.’

ಸಾಹೇಬರು ಮೂರನೆಯ ಸಲ ಎಣಿಸಿದರು. ‘ಹೆಚ್ಚಿಗೆ ಹೋಗಿದ್ದು ವಾಪಸ್ ಬರಲ್ವೇನೇ?’

‘ಯಾಕೆ ಬರಲ್ಲ? ವರ್ಷ ಮುಗಿದ ಮೇಲೆ ನೀವೊಂದು ಅರ್ಜಿ ಹಾಕ್ಬೇಕು. ಹದಿನಾಲ್ಕು ಪುಟ.’

ಸಾಹೇಬರು ಕವರನ್ನು ಇಬ್ಬರ ನಡುವೆ ಇಟ್ಟರು. ಆಮೇಲೆ ಮೆತ್ತಗೆ ಅಂದರು: ‘ನೀನೇ ತುಂಬಿಬಿಡೇ. ನಾನು ಪರಿಶೀಲನೆಗೆ ಬರಲ್ಲ.’

‘ತುಂಬ್ತೀನಿ. ಪುಟಕ್ಕಿಷ್ಟು ಅಂತ ಕೂಲಿ, ಮೊದಲೇ ಇಡ್ಬೇಕು,’ ಎಂದು ಹೆಂಡತಿ ಆ ಕವರನ್ನು ವಾಪಸ್ ಎಳೆದುಕೊಂಡಳು.