ಎದೆಬಡಿತಕ್ಕೆ ಒಂದೆಲಗದ ಚಟ್ನಿ

ಈ ಬೆಂಗಳೂರಿನಲ್ಲಿ ನೆಮ್ಮದಿ ಇಲ್ಲದವರು ಎಷ್ಟಿದ್ದಾರೋ ಗೊತ್ತಿಲ್ಲ, ನೆಮ್ಮದಿಗೆ ಮದ್ದು ಹೇಳುವವರಂತೂ ಬಸ್‌ಸ್ಟಾಪಿಗೊಬ್ಬರು ಸಿಗುತ್ತಾರೆ. ವೈಟ್‌ಫೀಲ್ಡಿನ ಕಾಲ್‌ಸೆಂಟರಿನಲ್ಲಿ ಮೊಬೈಲ್ ಗಿರಾಕಿಗಳ ಬೈಗುಳ ಕೇಳುವ ಕೆಲಸಕ್ಕೆ ಸೇರಿದ ಮೇಲೆ, ಎಲ್ಲೇ ಫೋನ್ ರಿಂಗಾದರೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಿದ್ದೆ ಹಾರಿಹೋಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆಗುವ ತನಕ ಕಂಪನಿ ನಮ್ಮ ಕೆಲಸ ನೋಡಿ ಕೊಡುವ ಮಾರ್ಕು ಕಳೆದುಕೊಳ್ಳುವಂತೆಯೂ ಇರಲಿಲ್ಲ. ಹಾಗಾಗಿ ಯಾರು ಯಾವ ಮದ್ದು ಹೇಳಿದರೂ ಮಾಡಿದೆ.

ಅಜ್ಜಿಯ ಮದ್ದು

ಪಟ್ಟಂದೂರು ಅಗ್ರಹಾರದ ನನ್ನ ಬಾಡಿಗೆ ಮನೆಯ ಓನರ್ ಅಜ್ಜಿ ಮುಖ ನೋಡಿಯೇ ರೋಗ ಹೇಳಿಬಿಟ್ಟರು. "ತಲೆ ಕಾಯ್ದೈತೆ ಕಣವ್ವ. ದಿನಾ ಒಂದೆಲಗದ ಚಟ್ನಿ ತಿನ್ನು, ಇಂಗೆ ಮಲಗಿದ್ರೆ ಅಂಗೇ ನಿದ್ದೆ."

ಮಾರನೆಯ ದಿನದಿಂದಲೇ ಹಸಿರು ಚಟ್ನಿ ಬರತೊಡಗಿತು. ಸೊಪ್ಪು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.

"ಮಾರತ್ತಹಳ್ಳಿ ಅಂಗ್ಡೀಲಿ ಕವರ್ನಾಗೆ ಕಟ್ಟಿ ಮಾರ್ತಾರೆ. ಮೊದ್ಲು ನಮ್ ಗದ್ದೆ ಬದೀನಾಗೇ ಬೇಕಾದಂಗೆ ಬೆಳೀತಿತ್ತು."

"ಆ ಗದ್ದೆ ಈಗೆಲ್ಲಿ ಅಜ್ಜಿ?"

"ನಿಮ್ ಆಪೀಸು ಅದ್ರ ಮ್ಯಾಲೇ ಅಲ್ವಾ ಕಟ್ಟಿರೋದು!"

ಉಸಿರಿನ ಕ್ಲಾಸು

ಕಂಪನಿಗೂ ಕನಿಕರ ಹುಟ್ಟಿ ಉಸಿರಾಟ ಕಲಿಸುವ ಗುರುಗಳೊಬ್ಬರನ್ನು ಕರೆಸಿತು. ಕ್ಲಾಸು ಊಟದ ಬಿಡುವಿನಲ್ಲೇ. ತಡವಾದವರಿಗೆ ಮಾರ್ಕು ಕಟ್. ಅನ್ನ ಸಾರು ಗಬಗಬ ನುಂಗಿ, ಲಿಫ್ಟ್ ತುಂಬಿದ್ದರಿಂದ ಮೆಟ್ಟಿಲಲ್ಲೇ ಓಡಿ, ಏದುಸಿರು ಬಿಡುತ್ತಾ ಬಂದು ಕೂತೆವು.

ಗುರುಗಳು ಮೆಚ್ಚಿಕೊಂಡರು. "ಭೇಷ್! ನಾನು ಹೇಳೋಕೆ ಮುಂಚೆನೇ ಶುರು ಮಾಡಿದ್ದೀರಲ್ಲ!"

ಉಸಿರಿಗೂ ಮಾರ್ಕು

ಗಿರಾಕಿಯೊಬ್ಬ ನನ್ನ ಅಪ್ಪ ಅಮ್ಮನನ್ನೂ ಸೇರಿಸಿ ಬೈಯುವಾಗ ಕಣ್ಣು ಮುಚ್ಚಿ, ಕಲಿತಂತೆ ದೀರ್ಘವಾಗಿ ಉಸಿರೆಳೆದು ಬಿಟ್ಟೆ. ನಿಜಕ್ಕೂ ಎದೆ ಹಗುರಾಯಿತು. ಸಂಜೆ ಟೀಂ ಲೀಡರ್ ಕರೆದ.

"ಏನ್ ಮೇಡಂ, ಕಾಲ್ ಮಧ್ಯೆ ಸುಮ್ನಾಗ್ಬಿಟ್ರಿ? ಡೆಡ್ ಏರ್ ಅಂತ ಮಾರ್ಕ್ ಹೋಯ್ತು."

"ಉಸಿರಾಡ್ತಿದ್ದೆ ಸಾರ್. ಕಂಪನಿಯವ್ರೇ ಕಲಿಸಿದ್ದಲ್ವಾ?"

"ಉಸಿರಾಡಿ, ಯಾರು ಬೇಡ ಅಂದ್ರು? ಮಾತಾಡ್ತಾ ಆಡಿ. ಇನ್ನೊಂದ್ಸಲ ತಪ್ಪಾದ್ರೆ ಕೆಲ್ಸ ಹೋಗುತ್ತೆ. ಅದಕ್ಕೆಲ್ಲ ಟೆನ್ಶನ್ ಮಾಡ್ಕೋಬೇಡಿ."

ಗುಣವಾದದ್ದು

ಮರುವಾರ ಗಿರಾಕಿಯೊಬ್ಬ ತನ್ನ ಸಿಮ್ ಬ್ಲಾಕ್ ಆಗಿದೆಯೆಂದು ಬೇರೆ ಯಾರದೋ ಫೋನಿನಿಂದ ಕಿರುಚತೊಡಗಿದ. ಕಿರುಚಿ ಕಿರುಚಿ ಅವನಿಗೇ ಉಸಿರು ಕಟ್ಟಿತು. ನನಗೆ ಗಾಬರಿಯಾಯಿತು. "ಸಾರ್, ಮೂಗಿಂದ ನಿಧಾನವಾಗಿ ಉಸಿರು ತಗೊಳ್ಳಿ... ಈಗ ಬಿಡಿ" ಎಂದೆ.

"ಯಾರಿಗಮ್ಮ ಹೇಳ್ಕೊಡ್ತೀಯ? ನಿಮ್ಮ ಕಂಪನಿಗೇ ಬಂದು ಉಸಿರಾಡೋದು ಕಲಿಸಿದವನು ನಾನು!"

ಗುರುಗಳು ದೂರು ಕೊಟ್ಟರು. ಗಿರಾಕಿಗೆ ಬುದ್ಧಿ ಹೇಳಿದ ತಪ್ಪಿಗೆ ನನ್ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಅಳು ಬಂತು. ಬಂದು ಬಿದ್ದುಕೊಂಡವಳು ಎದ್ದದ್ದು ಮರುದಿನ ಬಿಸಿಲೇರಿದ ಮೇಲೆ. ಪಕ್ಕದ ಮನೆಯಲ್ಲಿ ಫೋನ್ ರಿಂಗಾಯಿತು. ಎದೆ ತನ್ನ ಪಾಡಿಗೆ ತಾನಿತ್ತು.

ಬಾಗಿಲಲ್ಲಿ ಅಜ್ಜಿ ಚಟ್ನಿ ಬಟ್ಟಲು ಹಿಡಿದು ನಿಂತಿದ್ದರು. ನಾನು ಚೆನ್ನಾಗಿ ನಿದ್ದೆ ಮಾಡಿದ್ದು ಕೇಳಿ ಅವರ ಮುಖ ಅರಳಿತು. ಪಕ್ಕದ ಮನೆಯವಳ ಮಗಳು ಆಗಷ್ಟೇ ನಮ್ಮ ಆಫೀಸಿಗೇ ಸೇರಿದ್ದಳು. ಅಜ್ಜಿ ಅವಳ ತಾಯಿಯನ್ನು ಕೂಗಿ ಕರೆದರು.

"ನೋಡವ್ವ, ಎಂಗೆ ಗುಣ ಆಗವ್ಳೆ! ನಿನ್ ಮಗ್ಳಿಗೂ ಇದೇ ತಿನ್ಸು, ಇವ್ಳಂಗೇ ಆಗ್ತಾಳೆ!"